ಪರದೇಶದಲ್ಲೊಂದು ಸೆಮಿಸ್ಟರ್: ಹೋಗುವ ಮುನ್ನ, ಹೋದ ಮೇಲೆ, ಬಂದ ಬಳಿಕ



1958ರ ಮಾತು. ಇಟಲಿಯ ರೋಮ್ ನಗರದಲ್ಲಿ ಕಾನೂನು ಓದುತ್ತಿದ್ದ ಸೋಫಿಯಾ ಕೊರ್ರಾದಿ ಎಂಬ ವಿದ್ಯಾರ್ಥಿನಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿದ್ದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಒಂದು ವರ್ಷ ಓದಿ, ಅಲ್ಲಿನ ಸ್ನಾತಕೋತ್ತರ ಪದವಿಯನ್ನೂ ಪಡೆದು ಊರಿಗೆ ಮರಳಿದರು. ಅಲ್ಲಿ ಓದಿದ್ದನ್ನು ಇಲ್ಲಿನ ಪದವಿಗೆ ಲೆಕ್ಕ ಹಿಡಿಯಿರಿ ಎಂದು ತಮ್ಮ ವಿಶ್ವವಿದ್ಯಾನಿಲಯವನ್ನು ಕೇಳಿಕೊಂಡರು. ಅವರಿಗೆ ಅಲ್ಲಿ ಸಿಕ್ಕಿದ್ದು ಶಹಬ್ಬಾಸ್‌ಗಿರಿಯಲ್ಲ, ಗದರಿಕೆ. ಲೋಕ ಸುತ್ತಿದ್ದು ಸಾಕು, ಇನ್ನು ಕೂತು ಓದು ಎಂಬ ಧಾಟಿಯ ಮಾತು. ಪಾಸಾದ ಪರೀಕ್ಷೆಗಳೆಲ್ಲ ತಾಯ್ನಾಡಿನ ಲೆಕ್ಕದಲ್ಲಿ ಸೊನ್ನೆಯಾದವು.

ಆ ಅವಮಾನವನ್ನು ಅವರು ಮರೆಯಲಿಲ್ಲ. ಮುಂದೆ ಇಟಲಿಯ ವಿಶ್ವವಿದ್ಯಾನಿಲಯಗಳ ಮುಖ್ಯಸ್ಥರ ಮಂಡಳಿಗೆ ಸಲಹೆಗಾರರಾದಾಗ, 1969ರಲ್ಲಿ, ಬೇರೆ ದೇಶದಲ್ಲಿ ಓದಿದ್ದಕ್ಕೆ ತವರಿನಲ್ಲಿ ಮಾನ್ಯತೆ ಸಿಗಬೇಕೆಂಬ ಪ್ರಸ್ತಾವವನ್ನು ಸಿದ್ಧಪಡಿಸಿದರು. ಅದರ ಬೆನ್ನು ಹತ್ತಿ ವರ್ಷಗಟ್ಟಲೆ ಓಡಾಡಿದರು. 1987ರಲ್ಲಿ ಯುರೋಪಿನ ದೇಶಗಳು ಕೂಡಿ 'ಎರಾಸ್ಮಸ್' ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಯನ್ನು ಆರಂಭಿಸಿದವು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೋಗಿಬಂದರು. ಇಂದು ಯುರೋಪಿನಲ್ಲಿ ಕೊರ್ರಾದಿಯವರನ್ನು 'ಎರಾಸ್ಮಸ್‌ನ ತಾಯಿ' ಎಂದು ಕರೆಯುವುದುಂಟು.

ಕೋಶ ಓದು, ದೇಶ ಸುತ್ತು ಎಂಬುದು ನಮ್ಮ ಹಿರಿಯರ ಮಾತು. ಪರದೇಶದಲ್ಲಿ ಒಂದು ಸೆಮಿಸ್ಟರ್ ಓದುವುದೆಂದರೆ ಈ ಎರಡನ್ನೂ ಒಟ್ಟಿಗೆ ಮಾಡುವುದು. ಆದರೆ ಸುತ್ತಿದ್ದು ಓದಿನ ಲೆಕ್ಕಕ್ಕೆ ಸೇರಬೇಕಾದರೆ ಹೊರಡುವ ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಡು ಬಹಳವಿದೆ. ಕೊರ್ರಾದಿಯವರಿಗೆ ಆದದ್ದು ಇಂದಿಗೂ ಯಾವ ವಿದ್ಯಾರ್ಥಿಗಾದರೂ ಆಗಬಹುದು. ಅದನ್ನು ತಪ್ಪಿಸುವುದು ಹೇಗೆ, ಅಷ್ಟು ದೂರ ಹೋದದ್ದಕ್ಕೆ ದಕ್ಕುವುದಾದರೂ ಏನು ಎಂಬುದನ್ನು ಇಲ್ಲಿ ನೋಡೋಣ.

ಮೂರು ಬಗೆಯ ಪ್ರಯಾಣ

ಪರದೇಶದ ಓದು ಎಂದ ಕೂಡಲೆ ನಮಗೆ ನೆನಪಾಗುವುದು ಎರಡು ಮೂರು ವರ್ಷ ಅಲ್ಲೇ ಇದ್ದು ಪದವಿ ಪಡೆದು ಬರುವುದು. ಸೆಮಿಸ್ಟರ್ ವಿನಿಮಯ ಅದಲ್ಲ. ಇಲ್ಲಿ ನೀವು ನಿಮ್ಮ ಕಾಲೇಜಿನ ವಿದ್ಯಾರ್ಥಿಯಾಗಿಯೇ ಉಳಿಯುತ್ತೀರಿ. ಪದವಿ ಕೊಡುವುದೂ ನಿಮ್ಮ ವಿಶ್ವವಿದ್ಯಾನಿಲಯವೇ. ನಾಲ್ಕೈದು ತಿಂಗಳ ಓದನ್ನು ಮಾತ್ರ ಬೇರೆ ದೇಶದಲ್ಲಿ ಮಾಡುತ್ತೀರಿ.

ಇದರಲ್ಲೂ ಎರಡು ದಾರಿಗಳಿವೆ. ಎರಡು ವಿಶ್ವವಿದ್ಯಾನಿಲಯಗಳು ಒಪ್ಪಂದ ಮಾಡಿಕೊಂಡು, ನಿಮ್ಮವರನ್ನು ನಾವು ಕೂರಿಸಿಕೊಳ್ಳುತ್ತೇವೆ, ನಮ್ಮವರನ್ನು ನೀವು ಕೂರಿಸಿಕೊಳ್ಳಿ ಎನ್ನುವುದು ಒಂದು. ಸಾಮಾನ್ಯವಾಗಿ ಇದರಲ್ಲಿ ಅತಿಥಿ ವಿಶ್ವವಿದ್ಯಾನಿಲಯ ಬೋಧನಾ ಶುಲ್ಕ ಕೇಳುವುದಿಲ್ಲ. ಒಪ್ಪಂದವಿಲ್ಲದೆ ವಿದ್ಯಾರ್ಥಿ ತಾನೇ ಅರ್ಜಿ ಹಾಕಿ, ಶುಲ್ಕ ತೆತ್ತು ಹೋಗುವುದು ಇನ್ನೊಂದು. ಹೋಗುವ ಊರು ಒಂದೇ ಆದರೂ ಈ ಎರಡರ ಖರ್ಚಿನಲ್ಲಿ ಅಜಗಜಾಂತರವಿರಬಹುದು.

ಈ ಪದ್ಧತಿಗೆ ನೂರು ವರ್ಷ ತುಂಬಿದೆ. 1923ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ರೇಮಂಡ್ ಕರ್ಕ್‌ಬ್ರೈಡ್ ಎಂಟು ಮಂದಿ ವಿದ್ಯಾರ್ಥಿಗಳನ್ನು ಹಡಗಿನಲ್ಲಿ ಫ್ರಾನ್ಸಿಗೆ ಕರೆದೊಯ್ದರು. ಅವರು ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು. ಬೇರೆ ದೇಶದ ಜನರೊಡನೆ ಬದುಕಿ ಓದಿದವರು ಆ ದೇಶವನ್ನು ಚೆನ್ನಾಗಿ ಅರಿಯುತ್ತಾರೆ ಎಂಬುದು ಅವರ ನಂಬಿಕೆ. 1925ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ಹುಟ್ಟಿದ ಡಿ.ಎ.ಎ.ಡಿ. ಎಂಬ ಸಂಸ್ಥೆ ಇಂದಿಗೂ ವಿನಿಮಯ ವಿದ್ಯಾರ್ಥಿವೇತನಗಳನ್ನು ಕೊಡುತ್ತಿದೆ. ಎರಾಸ್ಮಸ್ ಯೋಜನೆಯ ಒಂದು ಭಾಗ 2015ರಿಂದ ಭಾರತವೂ ಸೇರಿದಂತೆ ಯುರೋಪಿನ ಹೊರಗಿನ ದೇಶಗಳ ವಿದ್ಯಾರ್ಥಿಗಳಿಗೂ ತೆರೆದಿದೆ. ಆದರೆ ನಿಮ್ಮ ಸಂಸ್ಥೆಗೂ ಅಲ್ಲಿನ ಸಂಸ್ಥೆಗೂ ಒಪ್ಪಂದವಿದ್ದರೆ ಮಾತ್ರ ಅದು ನಿಮಗೆ ಸಿಗುತ್ತದೆ. ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ "ಯಾವ ದೇಶ ಚೆನ್ನ?" ಎಂದಲ್ಲ. "ನಮ್ಮ ವಿಶ್ವವಿದ್ಯಾನಿಲಯಕ್ಕೆ ಯಾರ ಜೊತೆ ಒಪ್ಪಂದವಿದೆ?" ಎಂದು.

ಒಂದು ಊರನ್ನು ಆರಿಸಿಕೊಳ್ಳೋಣ

ಮಾತು ಗಾಳಿಯಲ್ಲಿ ತೇಲದಿರಲು ಒಂದು ಉದಾಹರಣೆ ಬೇಕು. ಹಾವೇರಿ ಜಿಲ್ಲೆಯ, ತುಂಗಭದ್ರೆಯ ದಂಡೆಯ ಹಳ್ಳಿಯೊಂದರಿಂದ ಬಂದು ಭೂಗೋಳಶಾಸ್ತ್ರ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಆಕೆಗೆ ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ಸಿಕ್ಕಿದೆ ಎಂದಿಟ್ಟುಕೊಳ್ಳೋಣ.

ಈ ಊರನ್ನು ಆರಿಸಿದ್ದಕ್ಕೆ ಕಾರಣವಿದೆ. 1477ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾನಿಲಯ ಕನ್ನಡಿಗರಿಗೆ ಹೊಸದೇನಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಓದಿದ್ದು ಇಲ್ಲಿ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಇದೇ ವಿಶ್ವವಿದ್ಯಾನಿಲಯ. ಕಿಟ್ಟೆಲ್ ತಮ್ಮ ಕೊನೆಗಾಲವನ್ನು ಈ ಊರಿನಲ್ಲೇ ಕಳೆದು 1903ರಲ್ಲಿ ತೀರಿಕೊಂಡರು. ಅಲ್ಲಿಂದ ಇಲ್ಲಿಗೆ ಬಂದು ನಮ್ಮ ನುಡಿ ಕಲಿತವರ ಊರಿಗೆ ಇಲ್ಲಿಂದ ಒಬ್ಬಳು ಓದಲು ಹೊರಟಿದ್ದಾಳೆ.

ಎರಡು ಪಂಚಾಂಗಗಳ ತೊಡಕು

ಮೊದಲ ತೊಡಕು ಕಾಲದ್ದು. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಬೇಸಿಗೆಯ ಸೆಮಿಸ್ಟರ್ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ಪಾಠಗಳು ನಡೆಯುವುದು ಅಕ್ಟೋಬರ್ ಮಧ್ಯದಿಂದ ಫೆಬ್ರವರಿಯವರೆಗೆ, ಹಾಗೂ ಏಪ್ರಿಲ್ ಮಧ್ಯದಿಂದ ಜುಲೈವರೆಗೆ. ಉಳಿದ ದಿನಗಳು ರಜೆಯಂತೆ ಕಂಡರೂ ಪರೀಕ್ಷೆ ಮತ್ತು ಪ್ರಬಂಧ ಬರವಣಿಗೆಗೆ ಮೀಸಲು.

ನಮ್ಮಲ್ಲಿ ಸಾಮಾನ್ಯವಾಗಿ ಬೆಸ ಸೆಮಿಸ್ಟರ್ ಜುಲೈ–ಆಗಸ್ಟ್ ಸುಮಾರಿಗೆ ಶುರುವಾಗಿ ಡಿಸೆಂಬರ್–ಜನವರಿಗೆ ಮುಗಿಯುತ್ತದೆ. ನಮ್ಮ ವಿದ್ಯಾರ್ಥಿನಿ ಅಕ್ಟೋಬರಿನಲ್ಲಿ ಹೊರಟರೆ ಇಲ್ಲಿನ ಸೆಮಿಸ್ಟರ್ ಅರ್ಧಕ್ಕೆ ಬಿಡಬೇಕು. ಫೆಬ್ರವರಿಯಲ್ಲಿ ಮರಳುವಷ್ಟರಲ್ಲಿ ಇಲ್ಲಿನ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆ. ಒಂದು ಸೆಮಿಸ್ಟರಿಗೆಂದು ಹೋದವಳಿಗೆ ಎರಡು ಸೆಮಿಸ್ಟರ್‌ಗಳ ಹಾಜರಾತಿ ತಪ್ಪುವ ಅಪಾಯ! ಇದಕ್ಕೆ ಪರಿಹಾರ ಇಲ್ಲದಿಲ್ಲ. ಹಾಜರಾತಿಯ ವಿನಾಯಿತಿ, ತಪ್ಪಿದ ಪತ್ರಿಕೆಗಳಿಗೆ ಮರುಪರೀಕ್ಷೆ, ಪ್ರಾಜೆಕ್ಟ್ ಕೆಲಸವನ್ನು ಆ ಅವಧಿಗೆ ಹೊಂದಿಸುವುದು ಇವೆಲ್ಲ ಸಾಧ್ಯ. ಆದರೆ ಇದನ್ನು ವಿಭಾಗದ ಮುಖ್ಯಸ್ಥರೊಡನೆ ಕುಳಿತು ಮೊದಲೇ ಗೊತ್ತುಮಾಡಿಕೊಂಡು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಬಾಯಿಮಾತಿನಲ್ಲಿ "ಹೋಗಿ ಬಾಮ್ಮಾ, ನೋಡೋಣ" ಎಂದವರು ಆಕೆ ಮರಳುವ ಹೊತ್ತಿಗೆ ಬೇರೆ ಕಡೆಗೆ ವರ್ಗವಾಗಿರಬಹುದು.

ಕ್ರೆಡಿಟ್ ಎಂಬ ಅಳತೆಗೋಲು

ಎರಡನೆಯದು ಓದಿನ ಅಳತೆ. ಅಕ್ಕಿಯನ್ನು ಸೇರಿನಲ್ಲಿ ಅಳೆಯುವ ಊರಿಗೂ ಕಿಲೋ ಲೆಕ್ಕದ ಊರಿಗೂ ವ್ಯಾಪಾರ ನಡೆಯಬೇಕಾದರೆ ಒಂದು ಸೇರಿಗೆ ಎಷ್ಟು ಕಿಲೋ ಎಂಬುದು ಗೊತ್ತಿರಬೇಕಲ್ಲವೆ? ಓದಿಗೂ ಹಾಗೆಯೇ. ಇದಕ್ಕೆಂದು ಯುರೋಪಿನಲ್ಲಿ 1989ರಿಂದ ಒಂದು ಸಾಮಾನ್ಯ ಕ್ರೆಡಿಟ್ ಪದ್ಧತಿ ಬೆಳೆದು ಬಂದಿದೆ. ಅದರ ಪ್ರಕಾರ ಒಂದು ವರ್ಷದ ಪೂರ್ಣ ಓದಿಗೆ 60 ಕ್ರೆಡಿಟ್, ಒಂದು ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ. ಗಮನಿಸಿ, ಇದು ತರಗತಿಯಲ್ಲಿ ಕೂತ ಗಂಟೆ ಮಾತ್ರವಲ್ಲ. ಗ್ರಂಥಾಲಯದಲ್ಲಿ ಓದಿದ್ದು, ಬರೆದದ್ದು, ಪರೀಕ್ಷೆಗೆ ತಯಾರಾದದ್ದು ಎಲ್ಲವೂ ಅದರಲ್ಲಿ ಸೇರಿದೆ.

ಭಾರತದಲ್ಲಿ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 1,200 ಗಂಟೆಗಳ ಕಲಿಕೆ, 40 ಕ್ರೆಡಿಟ್. ಅಂದರೆ ಸೆಮಿಸ್ಟರಿಗೆ 20. ನಿಮ್ಮ ವಿಶ್ವವಿದ್ಯಾನಿಲಯದ ಪಠ್ಯಕ್ರಮದಲ್ಲಿ ಇದು ಹೆಚ್ಚು ಕಡಿಮೆ ಇರಬಹುದು. ಅಲ್ಲಿನ 30 ಇಲ್ಲಿನ 20ಕ್ಕೆ ಸಮ ಎಂದು ಹಿಡಿದರೆ, ಅಲ್ಲಿನ 6 ಕ್ರೆಡಿಟ್‌ಗಳ ಒಂದು ವಿಷಯ ಇಲ್ಲಿನ 4 ಕ್ರೆಡಿಟ್‌ಗಳ ಒಂದು ಪತ್ರಿಕೆಗೆ ಸ್ಥೂಲವಾಗಿ ಸರಿಹೊಂದುತ್ತದೆ. ಅಂತಿಮ ತೀರ್ಮಾನ ನಿಮ್ಮ ವಿಶ್ವವಿದ್ಯಾನಿಲಯದ್ದೇ.

ಆದ್ದರಿಂದಲೇ ಹೊರಡುವ ಮುನ್ನ ಒಂದು 'ಅಧ್ಯಯನ ಒಪ್ಪಂದ' ಬೇಕು. ಎರಾಸ್ಮಸ್ ಯೋಜನೆಯಲ್ಲಿ ಇದು ಕಡ್ಡಾಯ. ಅಲ್ಲಿ ಯಾವ ಯಾವ ವಿಷಯ ಓದುತ್ತೀರಿ, ಅವು ಇಲ್ಲಿನ ಯಾವ ಯಾವ ಪತ್ರಿಕೆಗಳ ಬದಲಿಗೆ ನಿಲ್ಲುತ್ತವೆ ಎಂದು ಎರಡು ಸಾಲುಗಳಲ್ಲಿ ಪಟ್ಟಿ ಮಾಡಿ ವಿದ್ಯಾರ್ಥಿ, ಕಳಿಸುವ ಸಂಸ್ಥೆ, ಕರೆಸಿಕೊಳ್ಳುವ ಸಂಸ್ಥೆ ಮೂವರೂ ಸಹಿ ಹಾಕುತ್ತಾರೆ. ಆ ಯೋಜನೆಯಲ್ಲಿ ಹೋಗದವರೂ ಅಂಥದೊಂದು ಹಾಳೆಯನ್ನು ಮಾಡಿಸಿಕೊಳ್ಳುವುದು ಜಾಣತನ. ಅಲ್ಲಿಗೆ ಹೋದ ಮೇಲೆ ಒಂದು ವಿಷಯ ಆ ಸೆಮಿಸ್ಟರಿನಲ್ಲಿ ಇಲ್ಲ ಎಂದು ತಿಳಿದರೆ, ಬದಲಿ ವಿಷಯಕ್ಕೆ ಮತ್ತೆ ಒಪ್ಪಿಗೆ ತರಿಸಿಕೊಳ್ಳಬೇಕು. 1958ರಲ್ಲಿ ಕೊರ್ರಾದಿಯವರ ಕೈಯಲ್ಲಿ ಇಲ್ಲದಿದ್ದದ್ದು ಈ ಹಾಳೆಯೇ.

ನಮ್ಮ ದೇಶದಲ್ಲೂ ಇದಕ್ಕೆ ದಾರಿಗಳು ತೆರೆದಿವೆ. ಬೇರೆ ಬೇರೆ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಒಂದೆಡೆ ಜಮಾ ಮಾಡುವ ಕ್ರೆಡಿಟ್ ಬ್ಯಾಂಕಿನ ನಿಯಮಗಳು 2021ರಲ್ಲಿ ಬಂದವು. ಭಾರತದ ಮತ್ತು ವಿದೇಶದ ಸಂಸ್ಥೆಗಳು ಕೂಡಿ ನಡೆಸುವ ಕೋರ್ಸುಗಳಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ 2022ರಲ್ಲಿ ನಿಯಮಾವಳಿ ರೂಪಿಸಿತು. ಅದರಲ್ಲಿ 'ಟ್ವಿನ್ನಿಂಗ್' ಎಂಬ ಬಗೆಯಲ್ಲಿ, ವಿದೇಶದಲ್ಲಿ ಗಳಿಸುವ ಕ್ರೆಡಿಟ್‌ಗಳು ಒಟ್ಟು ಕ್ರೆಡಿಟ್‌ಗಳ ಶೇಕಡಾ 30ನ್ನು ಮೀರಬಾರದು. ಆರು ಸೆಮಿಸ್ಟರಿನ ಪದವಿಯಲ್ಲಿ ಒಂದು ಸೆಮಿಸ್ಟರ್ ಎಂದರೆ ಸುಮಾರು ಶೇಕಡಾ 17. ಆ ಮಿತಿಯೊಳಗೇ ಬರುತ್ತದೆ.

1.9 ಎಂದರೆ ನಪಾಸಲ್ಲ

ಇನ್ನು ಅಂಕಗಳ ವಿಚಾರ. ನಮ್ಮ ವಿದ್ಯಾರ್ಥಿನಿ ಫೆಬ್ರವರಿಯಲ್ಲಿ ಮನೆಗೆ ಫೋನು ಮಾಡಿ "ಅವ್ವಾ, ನನಗೆ 1.9 ಬಂದದ" ಎಂದರೆ ಆ ತಾಯಿ ಗಾಬರಿಯಾದಾರು. ಆದರೆ ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸಾಗುವ ಕೊನೆಯ ಮೆಟ್ಟಿಲು, 5.0 ಎಂದರೆ ನಪಾಸು. ಸಂಖ್ಯೆ ಏರಿದಂತೆಲ್ಲ ದರ್ಜೆ ಇಳಿಯುತ್ತದೆ.

ಬೇರೆ ದೇಶದ ಅಂಕವನ್ನು ತಮ್ಮ ದರ್ಜೆಗೆ ಇಳಿಸಿಕೊಳ್ಳಲು ಅಲ್ಲಿ ಬಳಸುವ ಒಂದು ಸೂತ್ರವಿದೆ. ಹತ್ತಕ್ಕೆ 4 ಬಂದರೆ ಪಾಸು ಎನ್ನುವ ಪದ್ಧತಿಯಲ್ಲಿ ಒಬ್ಬರಿಗೆ 8.2 ಬಂದಿದೆ ಎನ್ನೋಣ. ಪೂರ್ಣಾಂಕಕ್ಕೆ ಎಷ್ಟು ಕಡಿಮೆ? 10ರಲ್ಲಿ 8.2 ಕಳೆದರೆ 1.8. ಪೂರ್ಣಾಂಕಕ್ಕೂ ಪಾಸಿನ ಅಂಕಕ್ಕೂ ಅಂತರವೆಷ್ಟು? 10ರಲ್ಲಿ 4 ಕಳೆದರೆ 6. ಈಗ 1.8ನ್ನು 6ರಿಂದ ಭಾಗಿಸಿದರೆ 0.3, ಅದನ್ನು ಮೂರರಿಂದ ಗುಣಿಸಿದರೆ 0.9, ಅದಕ್ಕೆ ಒಂದು ಕೂಡಿಸಿದರೆ 1.9. ಅಂದರೆ ಆ 1.9 ನಮ್ಮ ಕಡೆಯ 8.2ಕ್ಕೆ ಸಮಾನವಾದ ಒಳ್ಳೆಯ ದರ್ಜೆ. ಇದೇ ಸೂತ್ರವನ್ನು ತಿರುಗಿಸಿ ನಿಮ್ಮ ವಿಶ್ವವಿದ್ಯಾನಿಲಯ ಬಳಸುತ್ತದೆಯೋ, ಬೇರೆ ಕ್ರಮವಿದೆಯೋ, ಅಥವಾ ಬರೀ 'ಪಾಸು' ಎಂದಷ್ಟೇ ಬರೆಯುತ್ತದೆಯೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ರ‍್ಯಾಂಕಿನ ಆಸೆ ಇರುವವರಿಗೆ ಇದು ಸಣ್ಣ ಮಾತಲ್ಲ.

ತರಗತಿಯ ಒಳಗೆ

ಕಾಗದಗಳು ಸರಿಯಾದವು, ಆಕೆ ಹೋಗಿ ತಲುಪಿದಳು. ಮೊದಲ ತರಗತಿ ಹತ್ತು ಗಂಟೆಗೆ ಎಂದು ವೇಳಾಪಟ್ಟಿಯಲ್ಲಿದೆ. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಕೂತರೆ ಕೋಣೆ ಬಹುಪಾಲು ಖಾಲಿ! ಅಲ್ಲಿನ ಹಳೆಯ ರೂಢಿಯಂತೆ ಹತ್ತು ಗಂಟೆಯ ಪಾಠ ಶುರುವಾಗುವುದು ಹತ್ತೂ ಕಾಲಿಗೆ. ವೇಳೆಯ ಮುಂದೆ ಹಾಕಿರುವ ಎರಡಕ್ಷರದ ಒಂದು ಗುರುತೇ ಇದನ್ನು ತಿಳಿಸುತ್ತದೆ. ಆ ಗುರುತು ಬೇರೆಯಾಗಿದ್ದರೆ ಮಾತ್ರ ಹತ್ತೆಂದರೆ ಹತ್ತೇ. ಪಾಠ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವ ಬದಲು ಬೆರಳ ಗೆಣ್ಣಿನಿಂದ ಮೇಜನ್ನು ಕುಟ್ಟುತ್ತಾರೆ. ಅದು ಸಿಟ್ಟಿನ ಗುರುತಲ್ಲ, ಮೆಚ್ಚುಗೆಯದು.

ನಿಜವಾದ ವ್ಯತ್ಯಾಸ ಇರುವುದು ಸೆಮಿನಾರಿನಲ್ಲಿ. ಅಧ್ಯಾಪಕರು ಉಪನ್ಯಾಸ ಮಾಡುವ ತರಗತಿಗಳು ಅಲ್ಲೂ ಇವೆ. ಸೆಮಿನಾರ್ ಎಂದರೆ ಬೇರೆ. ಒಂದೂವರೆ ಗಂಟೆಯ ಅವಧಿಯಲ್ಲಿ ಒಬ್ಬ ವಿದ್ಯಾರ್ಥಿ ತಾನು ಓದಿದ್ದನ್ನು ಮಂಡಿಸುತ್ತಾನೆ, ಉಳಿದವರು ಪ್ರಶ್ನಿಸುತ್ತಾರೆ. ಸೆಮಿಸ್ಟರ್ ಮುಗಿದ ಮೇಲೆ ಅದೇ ವಿಷಯದ ಮೇಲೆ ಹತ್ತು ಹದಿನೈದು ಪುಟಗಳ ಪ್ರಬಂಧ ಬರೆಯಬೇಕು. ಯಾರ ಮಾತನ್ನು ಎಲ್ಲಿಂದ ತೆಗೆದುಕೊಂಡೆ ಎಂದು ಪ್ರತಿಯೊಂದಕ್ಕೂ ಆಧಾರ ತೋರಿಸಬೇಕು. ಹೇಳದೆ ಎತ್ತಿಕೊಂಡರೆ ಅದು ನಕಲು, ದರ್ಜೆಯೇ ಹೋಗುತ್ತದೆ.

ನಮ್ಮ ವಿದ್ಯಾರ್ಥಿನಿ ನದಿ ಮತ್ತು ನಗರಗಳ ಕುರಿತ ಒಂದು ಸೆಮಿನಾರಿಗೆ ಸೇರಿದ್ದಾಳೆ ಎನ್ನೋಣ. ಟ್ಯೂಬಿಂಗೆನ್‌ನ ನಡುವೆ ಹರಿದು ಮ್ಯಾನ್‌ಹೈಮ್ ಬಳಿ ರೈನ್ ನದಿಯನ್ನು ಸೇರುವ ನೆಕ್ಕರ್ ನದಿಯ ಬಗ್ಗೆ ಐದು ಪುಸ್ತಕ ಓದಿ, ಅಚ್ಚುಕಟ್ಟಾಗಿ ಟಿಪ್ಪಣಿ ಮಾಡಿ ಒಪ್ಪಿಸುತ್ತಾಳೆ. ಅಧ್ಯಾಪಕರು ಕೇಳಿ ಮುಗಿಸಿ, "ಇದೆಲ್ಲ ಪುಸ್ತಕದಲ್ಲಿದೆ. ನಿಮ್ಮ ಪ್ರಶ್ನೆ ಏನು?" ಎನ್ನುತ್ತಾರೆ. ಆಕೆ ತಬ್ಬಿಬ್ಬಾಗುತ್ತಾಳೆ. ಇಷ್ಟು ವರ್ಷ ಪ್ರಶ್ನೆ ಕೇಳುವುದು ಪ್ರಶ್ನೆಪತ್ರಿಕೆಯ ಕೆಲಸ, ಉತ್ತರಿಸುವುದು ತನ್ನ ಕೆಲಸ ಎಂದುಕೊಂಡಿದ್ದವಳು ಆಕೆ. ಆಮೇಲೆ ಯೋಚಿಸಿದಾಗ ತನ್ನೂರಿನ ಹೊಳೆ ನೆನಪಾಗುತ್ತದೆ. ಬೇಸಿಗೆಯಲ್ಲಿ ಸೊರಗಿ ಮಳೆಗಾಲದಲ್ಲಿ ಹೊಲಕ್ಕೆ ನುಗ್ಗುವ ತುಂಗಭದ್ರೆಯ ದಂಡೆಯಲ್ಲಿ ಜನ ಮನೆ ಕಟ್ಟಿಕೊಳ್ಳುವ ಕ್ರಮಕ್ಕೂ, ಇಲ್ಲಿ ನದಿಯ ಅಂಚಿಗೇ ಸಾಲುಮನೆ ಕಟ್ಟಿರುವುದಕ್ಕೂ ಏಕೆ ಇಷ್ಟು ಅಂತರ? ಅದು ಆಕೆಯ ಪ್ರಶ್ನೆ. ಆ ಕೋಣೆಯಲ್ಲಿ ಬೇರೆ ಯಾರೂ ಕೇಳಲಾರದ ಪ್ರಶ್ನೆ.

ಪರದೇಶದ ಸೆಮಿಸ್ಟರಿನಿಂದ ದಕ್ಕುವ ದೊಡ್ಡ ಗಳಿಕೆ ಇದು. ನಮ್ಮಲ್ಲಿ ಒಳ್ಳೆಯ ಅಧ್ಯಾಪಕರಿಲ್ಲ, ಅಲ್ಲಿ ಎಲ್ಲವೂ ಶ್ರೇಷ್ಠ ಎಂಬುದು ಇದರ ಅರ್ಥವಲ್ಲ. ಲೆಕ್ಕ ಬಿಡಿಸುವ ಚುರುಕು, ದೊಡ್ಡ ಪಠ್ಯವನ್ನು ನೆನಪಿಟ್ಟುಕೊಳ್ಳುವ ಶಕ್ತಿ ನಮ್ಮ ಪದ್ಧತಿ ಕೊಟ್ಟ ಆಸ್ತಿ. ಅಲ್ಲಿಯೂ ಅದು ಉಪಯೋಗಕ್ಕೆ ಬರುತ್ತದೆ. ಓದುವುದಕ್ಕೆ ಒಂದೇ ಕ್ರಮವಿಲ್ಲ ಎಂಬುದು ಎರಡನೆಯ ಕ್ರಮವನ್ನು ಕಂಡಾಗಲೇ ತಿಳಿಯುವುದು.

ಭಾಷೆಯ ಮಾತೂ ಇಲ್ಲಿ ಬರಬೇಕು. ಜರ್ಮನಿಯಲ್ಲಿ ಇಂಗ್ಲಿಷಿನಲ್ಲಿ ನಡೆಯುವ ತರಗತಿಗಳಿವೆ, ಹೆಚ್ಚಾಗಿ ಸ್ನಾತಕೋತ್ತರ ಮಟ್ಟದಲ್ಲಿ. ಆದರೆ ಅಂಗಡಿ, ಬಸ್ಸು, ಪುರಸಭೆಯ ಕಚೇರಿ ನಡೆಯುವುದು ಜರ್ಮನ್ ಭಾಷೆಯಲ್ಲೇ. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಆ ಭಾಷೆಯನ್ನು ಕಲಿಸುತ್ತಾರೆ. ಕನ್ನಡಿಗರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನ ಒಂದೇ 'ಯೂ' ಜರ್ಮನ್ನಿನಲ್ಲಿ ಸಾಲದು. ನಮ್ಮ 'ನೀನು', 'ನೀವು' ಇದ್ದಂತೆ ಅಲ್ಲಿಯೂ ಎರಡು ಮಾತುಗಳಿವೆ. ಗೆಳೆಯರಿಗೆ ಒಂದು, ಅಧ್ಯಾಪಕರಿಗೂ ಅಪರಿಚಿತರಿಗೂ ಇನ್ನೊಂದು. ಯಾರಿಗೆ ಯಾವುದು ಎಂಬ ಹದ ನಮಗೆ ಮನೆಯಲ್ಲೇ ಕಲಿತ ವಿದ್ಯೆ.

ತರಗತಿಯ ಹೊರಗೆ

ಹೊರಗಿನ ಬದುಕು ಮೊದಲ ವಾರಗಳಲ್ಲಿ ಕಚೇರಿಗಳ ಸುತ್ತಲೇ ತಿರುಗುತ್ತದೆ. ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬುದು ಅಲ್ಲಿನ ಕಾನೂನು. ಆರೋಗ್ಯ ವಿಮೆ ಇಲ್ಲದೆ ವಿದ್ಯಾರ್ಥಿಯ ದಾಖಲಾತಿ ಆಗುವುದಿಲ್ಲ. ಬಾಡಿಗೆ ಕೋಣೆಯನ್ನು ಇಲ್ಲಿಂದಲೇ ಹುಡುಕಲು ಶುರುಮಾಡಬೇಕು. ವಿದ್ಯಾರ್ಥಿ ನಿಲಯದ ಕೋಣೆಗೆ ಸಾಲು ಉದ್ದವಿರುತ್ತದೆ. ಕೋಣೆ ನೋಡದೆ ಮುಂಗಡ ಕೇಳುವ ಅಪರಿಚಿತರಿಗೆ ಹಣ ಕಳಿಸಬೇಡಿ.

ಭಾನುವಾರ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಹಾಲು, ತರಕಾರಿ ಶನಿವಾರವೇ ತಂದಿಟ್ಟುಕೊಳ್ಳಬೇಕು. ಮಧ್ಯಾಹ್ನದ ಊಟಕ್ಕೆ ವಿಶ್ವವಿದ್ಯಾನಿಲಯದ ಭೋಜನಶಾಲೆಯಿದೆ. 'ಮೆನ್ಸಾ' ಎಂದು ಅದರ ಹೆಸರು. ರಾತ್ರಿ ಅಡುಗೆ ತಾನೇ ಮಾಡಿಕೊಳ್ಳಬೇಕು, ಅದೂ ನಾಲ್ಕೈದು ಮಂದಿ ಹಂಚಿಕೊಂಡ ಅಡುಗೆಮನೆಯಲ್ಲಿ. ಕಸವನ್ನು ಕಾಗದ, ಹಸಿಕಸ, ಪ್ಲಾಸ್ಟಿಕ್ಕು ಎಂದು ಬೇರೆ ಬೇರೆ ಹಾಕದಿದ್ದರೆ ಪಕ್ಕದ ಕೋಣೆಯವರು ಮುಖ ನೋಡಿಯೇ ಹೇಳುತ್ತಾರೆ. ಅದು ಜಗಳವಲ್ಲ, ಅಲ್ಲಿ ಮಾತು ನೇರ.

ಕಷ್ಟದ ಕಾಲ ನವೆಂಬರ್–ಡಿಸೆಂಬರ್. ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಸಂಜೆ ನಾಲ್ಕೂವರೆಗೆ ಹೊತ್ತು ಮುಳುಗುತ್ತದೆ. ಹಗಲು ಸುಮಾರು ಎಂಟೂಕಾಲು ಗಂಟೆ ಮಾತ್ರ. ಗಡಿಯಾರದಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಆಕೆಗೆ ಸಂಜೆ ಏಳಾದಾಗ ಊರಲ್ಲಿ ರಾತ್ರಿ ಹನ್ನೊಂದೂವರೆ, ಎಲ್ಲರೂ ಮಲಗಿರುತ್ತಾರೆ. ಮೊದಲ ವಾರದ ಬೆರಗು ಆರಿ, ಗೆಳೆತನ ಇನ್ನೂ ಕುದುರದ ಈ ದಿನಗಳಲ್ಲಿ ಅಳು ಬರುವುದು ಸಹಜ. ಇದು ದೌರ್ಬಲ್ಯವಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ದಿನವಿಡೀ ಊರಿನ ಸುದ್ದಿ ನೋಡುತ್ತ ಕೂತರೆ ಅದು ಹೆಚ್ಚುತ್ತದೆ. ಅದೇ ಅಡುಗೆಮನೆಯಲ್ಲಿ ಒಂದು ದಿನ ನಾಲ್ಕು ಜನಕ್ಕಾಗುವಷ್ಟು ಸಾರು ಅನ್ನ ಮಾಡಿ ಕರೆದರೆ ಕಡಿಮೆಯಾಗುತ್ತದೆ. ಮನಸ್ಸು ತೀರ ಕುಗ್ಗಿದರೆ ವಿಶ್ವವಿದ್ಯಾನಿಲಯದ ಆಪ್ತಸಲಹೆಗಾರರನ್ನು ಕಾಣಲು ಸಂಕೋಚಪಡಬಾರದು.

ಹಣದ ಮಾತು

ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಟ್ಯೂಬಿಂಗೆನ್ ಇರುವ ರಾಜ್ಯದಲ್ಲಿ 2017–18ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಬಂತು. ಒಪ್ಪಂದದ ಮೂಲಕ ಬರುವ ವಿನಿಮಯ ವಿದ್ಯಾರ್ಥಿಗಳಿಗೆ ಅದರಿಂದ ವಿನಾಯಿತಿ. ಜೀವನ ವೆಚ್ಚಕ್ಕೆ ನಿಮ್ಮ ಬಳಿ ಹಣವಿದೆ ಎಂದು ವೀಸಾಕ್ಕೆ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ ತಿಂಗಳಿಗೆ 992 ಯೂರೋ ಎಂದು ಗೊತ್ತಾಯಿತು. ಒಂದು ಯೂರೋಗೆ ನೂರು ರೂಪಾಯಿಯಂತೆ ಹಿಡಿದರೆ ತಿಂಗಳಿಗೆ 99,200 ರೂಪಾಯಿ. ಆರು ತಿಂಗಳಿಗೆ 5,95,200 ರೂಪಾಯಿ. ವಿಮಾನದ ಟಿಕೆಟ್ಟು, ಬೆಚ್ಚನೆಯ ಬಟ್ಟೆ ಬೇರೆ.

ಹೊಲ ಅಡವಿಟ್ಟು ಒಂದು ಸೆಮಿಸ್ಟರಿಗೆ ಹೋಗಬೇಕೆ? ಬೇಡ ಎಂದೇ ನಮ್ಮ ಸಲಹೆ. ಎರಾಸ್ಮಸ್ ಯೋಜನೆಯಲ್ಲಿ ಆಯ್ಕೆಯಾದವರಿಗೆ ಶುಲ್ಕ ವಿನಾಯಿತಿಯ ಜೊತೆಗೆ ಪ್ರಯಾಣಕ್ಕೂ ತಿಂಗಳ ಖರ್ಚಿಗೂ ನೆರವು ಇರುತ್ತದೆ. ಅಂಥ ನೆರವಿಗೆ ಅರ್ಜಿ ಹಾಕುವುದನ್ನು ಒಂದು ವರ್ಷ ಮೊದಲೇ ಆರಂಭಿಸಬೇಕು. ಅಲ್ಲಿ ದುಡಿದು ಓದುತ್ತೇನೆ ಎಂಬ ಭರವಸೆಯ ಮೇಲೆ ಹೊರಡಬೇಡಿ. ವರ್ಷಕ್ಕೆ ಇಷ್ಟು ದಿನ ಕೆಲಸ ಮಾಡಬಹುದು ಎಂಬ ಅನುಮತಿ ಇದ್ದರೂ, ಭಾಷೆ ಬಾರದವರಿಗೆ ನಾಲ್ಕು ತಿಂಗಳಲ್ಲಿ ಕೆಲಸ ಸಿಕ್ಕೇ ಸಿಗುತ್ತದೆಂಬ ಖಾತರಿಯಿಲ್ಲ. ಸಿಕ್ಕರೂ ಓದು ಹಿಂದೆ ಬೀಳುತ್ತದೆ.

ಹೋಗಲಾರದವರು ಕೈಕಟ್ಟಿ ಕೂರಬೇಕಿಲ್ಲ. ನಮ್ಮ ದೇಶದ ಇನ್ನೊಂದು ರಾಜ್ಯದ ಸಂಸ್ಥೆಯಲ್ಲಿ ಒಂದು ಸೆಮಿಸ್ಟರ್ ಓದಲು ನಿಮ್ಮ ವಿಶ್ವವಿದ್ಯಾನಿಲಯ ಒಪ್ಪುವುದೇ ಎಂದು ವಿಚಾರಿಸಿ. ಬೇರೆ ಭಾಷೆ, ಬೇರೆ ಊಟ, ಬೇರೆ ಬಗೆಯ ತರಗತಿ ಅಲ್ಲಿಯೂ ಇವೆ. ನಿಮ್ಮ ಕಾಲೇಜಿಗೇ ಹೊರದೇಶದ ವಿದ್ಯಾರ್ಥಿಗಳು ಬಂದಿದ್ದರೆ ಅವರಿಗೆ ಜೊತೆಯಾಗಿ. ಅವರು ಇಲ್ಲಿ ಏನನ್ನು ಕಂಡು ಬೆರಗಾಗುತ್ತಾರೆ ಎಂಬುದರಿಂದ ನಮ್ಮ ಬಗ್ಗೆಯೇ ಎಷ್ಟೋ ತಿಳಿಯುತ್ತದೆ.

ಮರಳಿ ಬಂದ ಬಳಿಕ

ಫೆಬ್ರವರಿಯ ಕೊನೆಗೆ ನಮ್ಮ ವಿದ್ಯಾರ್ಥಿನಿ ಮರಳುತ್ತಾಳೆ. ಹೊರಡುವ ಮೊದಲು ಅಲ್ಲಿ ಮಾಡಿಕೊಂಡು ಬರಬೇಕಾದದ್ದು: ವಿಶ್ವವಿದ್ಯಾನಿಲಯದ ಮೊಹರು ಇರುವ ಅಂಕಪಟ್ಟಿಗೆ ಅರ್ಜಿ, ಓದಿದ ಪ್ರತಿ ವಿಷಯದ ಪಠ್ಯ ವಿವರದ ಪ್ರತಿ, ಬರೆದ ಪ್ರಬಂಧಗಳ ಪ್ರತಿ, ವಿಳಾಸದ ನೋಂದಣಿ ರದ್ದು. ಪ್ರಬಂಧ ತಿದ್ದಿ ದರ್ಜೆ ಕೊಡಲು ಅಲ್ಲಿ ವಾರಗಳು ಹಿಡಿಯುತ್ತವೆ. ಆದ್ದರಿಂದ ಅಂಕಪಟ್ಟಿ ತಡವಾಗಿ ಬರುತ್ತದೆ ಎಂದು ಇಲ್ಲಿನ ಕಚೇರಿಗೆ ಮುಂಚಿತವಾಗಿ ತಿಳಿಸಿರಬೇಕು.

ಅಂಕಪಟ್ಟಿ ಬಂದ ದಿನ ಆಕೆ ಸಹಿ ಮಾಡಿಸಿದ ಒಪ್ಪಂದದ ಹಾಳೆಯನ್ನೂ ಜೊತೆಗಿಟ್ಟು ಪರೀಕ್ಷಾ ವಿಭಾಗಕ್ಕೆ ಹೋಗುತ್ತಾಳೆ. ಮೇಜಿನ ಆಚೆ ಕೂತವರು ಹೊಸಬರು. "ಇದೇನಮ್ಮಾ, 1.9?" ಎನ್ನುತ್ತಾರೆ. ಆಕೆ ಗಾಬರಿಯಾಗದೆ ಹಾಳೆಯನ್ನು ಮುಂದಿಡುತ್ತಾಳೆ. ಅಲ್ಲಿನ 6 ಕ್ರೆಡಿಟ್, ಇಲ್ಲಿನ 4. ಅಲ್ಲಿನ ಆ ಸೆಮಿನಾರ್, ಇಲ್ಲಿನ ಈ ಪತ್ರಿಕೆ. ಕೆಳಗೆ ಮೂರು ಸಹಿ. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಬರಿಗೈಯಲ್ಲಿ ನಿಂತ ಜಾಗದಲ್ಲಿ ಇವಳು ಕಾಗದ ಹಿಡಿದು ನಿಂತಿದ್ದಾಳೆ.

ಆದರೆ ಅಂಕಪಟ್ಟಿಗೆ ಸೇರದ ಲೆಕ್ಕವೂ ಒಂದಿದೆ. ಮುಂದಿನ ವಾರ ತನ್ನ ಹಳೆಯ ತರಗತಿಯಲ್ಲಿ ಪಾಠ ಮುಗಿದು, ಅಧ್ಯಾಪಕರು ಎಂದಿನಂತೆ "ಏನಾದರೂ ಕೇಳುವುದಿದೆಯೇ?" ಎಂದಾಗ, ಎಲ್ಲರೂ ಎಂದಿನಂತೆ ಸುಮ್ಮನಿರುವಾಗ, ಆಕೆ ಕೈ ಎತ್ತಬಹುದು. ಕ್ರೆಡಿಟ್‌ಗಳು ಆಕೆಯ ಪದವಿಗೆ ಸೇರುತ್ತವೆ. ಎತ್ತಿದ ಆ ಕೈ ಇಡೀ ತರಗತಿಗೆ ಸೇರುತ್ತದೆ.

ಯೋಚಿಸಿ ನೋಡಿ

1. ನಿಮ್ಮ ವಿಶ್ವವಿದ್ಯಾನಿಲಯಕ್ಕೆ ಯಾವ ಯಾವ ಸಂಸ್ಥೆಗಳೊಡನೆ ವಿನಿಮಯ ಒಪ್ಪಂದವಿದೆ? ಕಚೇರಿಯಲ್ಲಿ ವಿಚಾರಿಸಿ ಪಟ್ಟಿ ಮಾಡಿ.

2. ನೂರಕ್ಕೆ 40 ಬಂದರೆ ಪಾಸು ಎನ್ನುವ ಪರೀಕ್ಷೆಯಲ್ಲಿ ನಿಮಗೆ 70 ಬಂದಿದೆ. ಮೇಲೆ ಹೇಳಿದ ಸೂತ್ರದಂತೆ ಜರ್ಮನಿಯ ದರ್ಜೆ ಎಷ್ಟು? (ಉತ್ತರ: 2.5)

3. ಹೊರದೇಶದ ವಿದ್ಯಾರ್ಥಿಯೊಬ್ಬರು ನಿಮ್ಮ ಕಾಲೇಜಿಗೆ ಒಂದು ಸೆಮಿಸ್ಟರಿಗೆ ಬಂದರೆ, ಅವರಿಗೆ ಮೊದಲ ವಾರ ನೀವು ಹೇಳಿಕೊಡಬೇಕಾದ ಐದು ಸಂಗತಿಗಳು ಯಾವುವು?